ಪೋರ್ಟ್ ಸಿ ಕೆಟ್ಟಿರಲಿಲ್ಲ: ಡೇಟಾಶೀಟ್ ಓದುವುದನ್ನು ಯಾರು ಕಲಿಸಬೇಕು?

ಎಟಿಮೆಗಾ32 ಎಂಬ ಮೈಕ್ರೋಕಂಟ್ರೋಲರ್ ಹಳೆಯದು. ಆದರೂ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಅದರ ಓಡಾಟ ನಿಂತಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ಲಜಪತ್ ರಾಯ್ ಮಾರ್ಕೆಟ್, ಬೆಂಗಳೂರಿನ ಎಸ್.ಪಿ. ರಸ್ತೆ, ಇಂಥ ಯಾವುದೇ ಕಡೆಯಿಂದ ಹೊಸ ಚಿಪ್ ತಂದು, ಅದರ ನಾಲ್ಕು ಪೋರ್ಟುಗಳಿಗೂ ಎಲ್‌ಇಡಿ ಜೋಡಿಸಿ, ಎಲ್ಲವೂ ಉರಿಯಲಿ ಎಂದು ಪ್ರೋಗ್ರಾಂ ಬರೆದರೆ ಒಂದು ವಿಚಿತ್ರ ಕಾಣುತ್ತದೆ. ಎ, ಬಿ, ಡಿ ಪೋರ್ಟುಗಳು ಹೇಳಿದ ಹಾಗೆ ಕೇಳುತ್ತವೆ. ಸಿ ಪೋರ್ಟಿನಲ್ಲಿ ಮಾತ್ರ ಎಂಟರಲ್ಲಿ ನಾಲ್ಕು ಪಿನ್‌ಗಳು ಮಾತು ಕೇಳುವುದಿಲ್ಲ. ವಿದ್ಯಾರ್ಥಿ ಚಿಪ್ ಕೆಟ್ಟಿದೆ ಎಂದುಕೊಂಡು ಇನ್ನೊಂದನ್ನು ತರುತ್ತಾನೆ. ಅದರಲ್ಲೂ ಅದೇ ನಾಲ್ಕು ಪಿನ್‌ಗಳು. ಆಗ ಅಂಗಡಿಯವನ ಮೇಲೆ ಅನುಮಾನ, ಇಡೀ ಲಾಟೇ ನಕಲಿ ಎಂಬ ತೀರ್ಮಾನ.

ಚಿಪ್ ಕೆಟ್ಟಿಲ್ಲ, ಅಂಗಡಿಯವನು ಮೋಸ ಮಾಡಿಲ್ಲ. ಆ ಚಿಪ್ಪಿನಲ್ಲಿ ಜೆಟ್ಯಾಗ್ ಎಂಬ ತಪಾಸಣಾ ಸೌಲಭ್ಯವಿದೆ. ಅದಕ್ಕೆ ಸಿ ಪೋರ್ಟಿನ 2ರಿಂದ 5ರವರೆಗಿನ ನಾಲ್ಕು ಪಿನ್‌ಗಳು ಬೇಕು. ಕಾರ್ಖಾನೆಯಿಂದ ಹೊರಡುವಾಗಲೇ ಆ ಸೌಲಭ್ಯದ ಫ್ಯೂಸ್ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡಲು ಎರಡು ದಾರಿ: ಫ್ಯೂಸನ್ನೇ ಬದಲಿಸಬೇಕು, ಇಲ್ಲವೇ ಪ್ರೋಗ್ರಾಮಿನೊಳಗಿಂದ ಜೆಟಿಡಿ ಎಂಬ ಒಂದು ಬಿಟ್‌ಗೆ ನಾಲ್ಕು ಕ್ಲಾಕ್ ಸೈಕಲ್‌ಗಳ ಒಳಗೆ ಎರಡು ಸಲ 1 ಬರೆಯಬೇಕು. ಒಂದೇ ಸಲ ಬರೆದರೆ ಚಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಕೈತಪ್ಪಿ ಆಫ್ ಆಗಬಾರದೆಂದೇ ಈ ವ್ಯವಸ್ಥೆ ಇದೆ. ಇದಿಷ್ಟೂ ಡೇಟಾಶೀಟಿನಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚಾಗಿದೆ. ಡೇಟಾಶೀಟ್ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹೀಗಿದ್ದೂ ಎಷ್ಟೋ ಜನ ಎರಡನೇ ಚಿಪ್ ಕೊಳ್ಳುತ್ತಾರೆ.

ಇದನ್ನು ವಿದ್ಯಾರ್ಥಿಯ ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಡೇಟಾಶೀಟ್ ಓದುವುದು ತಾನಾಗಿ ಬರುವ ವಿದ್ಯೆಯಲ್ಲ. ಅದನ್ನು ಕಲಿಸಬೇಕು. ಕಾಲೇಜುಗಳು ಕಲಿಸುವುದಿಲ್ಲ, ಕಂಪನಿಗಳು ಕಲಿತು ಬಂದಿರಬೇಕು ಎಂದುಕೊಳ್ಳುತ್ತವೆ. ಈ ಎರಡರ ನಡುವೆ ಹೊಸ ಎಂಜಿನಿಯರ್ ಸಿಕ್ಕಿಹಾಕಿಕೊಳ್ಳುತ್ತಾನೆ. ನಷ್ಟ ಅವನೊಬ್ಬನದೇ ಅಲ್ಲ, ಅವನು ಮಾಡಿದ ಯಂತ್ರವನ್ನು ಕೊಂಡವರದ್ದೂ ಹೌದು.

ರಿಜಿಸ್ಟರ್ ಎಂದರೆ ಪಹಣಿ

ರಿಜಿಸ್ಟರ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಶಾಲೆಯ ಹಾಜರಿ ಪುಸ್ತಕ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿ. ಚಿಪ್ಪಿನ ಕಾನ್ಫಿಗರೇಷನ್ ರಿಜಿಸ್ಟರ್ ಒಂದರ್ಥದಲ್ಲಿ ಮನೆಯ ಸ್ವಿಚ್‌ಬೋರ್ಡ್. ಸಾಲಾಗಿ ಎಂಟು, ಹದಿನಾರು ಅಥವಾ ಮೂವತ್ತೆರಡು ಸ್ವಿಚ್‌ಗಳು. ಪ್ರತಿ ಸ್ವಿಚ್ಚೂ ಒಂದು ಬಿಟ್. ಮೇಲಿದ್ದರೆ 1, ಕೆಳಗಿದ್ದರೆ 0. ಕೆಲವು ಒಂಟಿ ಸ್ವಿಚ್‌ಗಳು. ಇನ್ನು ಕೆಲವು ಎರಡು ಮೂರು ಸೇರಿ ಒಂದು ಫ್ಯಾನ್ ರೆಗ್ಯುಲೇಟರಿನಂತೆ ಕೆಲಸ ಮಾಡುತ್ತವೆ.

ಆದರೆ ಅದರ ವಿವರಣೆಯ ಪುಟವನ್ನು ಓದುವ ರೀತಿಗೆ ಇನ್ನೂ ಹತ್ತಿರದ ಹೋಲಿಕೆ ಪಹಣಿ. ಜಮೀನು ಇರುವ ಮನೆಯಲ್ಲಿ ಯಾರೂ ಪಹಣಿಯನ್ನು ಕಥೆಯಂತೆ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಒಡೆಯನ ಹೆಸರು ಬೇಕಾದರೆ ಕಾಲಂ 9, ಸಾಲ ಅಥವಾ ತಕರಾರು ಇದೆಯೇ ಎಂದು ನೋಡಲು ಕಾಲಂ 11. ಶಾಲೆಯ ಮುಖ ನೋಡದ ಅಜ್ಜನಿಗೂ ಯಾವ ಕಾಲಂನಲ್ಲಿ ಏನಿರಬೇಕು, ಯಾವುದು ಖಾಲಿ ಇದ್ದರೆ ಒಳ್ಳೆಯದು ಎಂಬುದು ಗೊತ್ತು. ಬರಹದ ಶೈಲಿ ಎಷ್ಟೇ ಸರ್ಕಾರಿಯಾಗಿದ್ದರೂ ಅವರು ಹೆದರುವುದಿಲ್ಲ. ಯಾಕೆಂದರೆ ಏನು ಹುಡುಕಬೇಕು ಎಂಬುದು ಓದುವ ಮೊದಲೇ ತೀರ್ಮಾನವಾಗಿರುತ್ತದೆ.

ಡೇಟಾಶೀಟಿನ ರಿಜಿಸ್ಟರ್ ಪುಟವೂ ಹೀಗೆಯೇ. ನೂರಾರು ಪುಟಗಳನ್ನು ಕಂಡು ಎದೆ ಒಡೆದುಕೊಳ್ಳುವವರು ಅದನ್ನು ಪಠ್ಯಪುಸ್ತಕ ಎಂದುಕೊಂಡಿರುತ್ತಾರೆ. ಅದು ಪಠ್ಯಪುಸ್ತಕವಲ್ಲ, ದಾಖಲೆ. ಪ್ರತಿ ರಿಜಿಸ್ಟರಿಗೆ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಕರೆಂಟು ಕೊಟ್ಟ ಕ್ಷಣದಲ್ಲಿ ಇದರ ಬೆಲೆ ಎಷ್ಟಿರುತ್ತದೆ? ಈ ಬಿಟ್‌ಗೆ ಬರೆದರೆ ನಿಜವಾಗಿ ಏನಾಗುತ್ತದೆ? ಇದು ಕೆಲಸ ಮಾಡಲು ಬೇರೆ ಯಾವುದಾದರೂ ಸ್ವಿಚ್ ಮೊದಲು ಹಾಕಿರಬೇಕೇ? ಇಲ್ಲಿ ಲೆಕ್ಕ ಹಾಕಬೇಕಾದ ಸೂತ್ರ ಇದೆಯೇ?

ನಾಲ್ಕು ಪ್ರಶ್ನೆ, ನಾಲ್ಕು ಚಿಪ್

ಮೊದಲ ಪ್ರಶ್ನೆಗೆ ಉತ್ತರ ರಿಸೆಟ್ ವ್ಯಾಲ್ಯೂ ಎಂಬ ಸಾಲಿನಲ್ಲಿರುತ್ತದೆ. ಹೆಚ್ಚಿನವರು ಬಿಟ್ಟುಹೋಗುವ ಸಾಲೂ ಅದೇ. ಪಿಕ್16ಎಫ್877ಎ ಎಂಬ ಚಿಪ್ಪಿನಲ್ಲಿ ಎಡಿಕಾನ್1 ಎಂಬ ರಿಜಿಸ್ಟರಿನ ಮೊದಲ ಬೆಲೆ ಸೊನ್ನೆ. ಸೊನ್ನೆ ಎಂದರೆ ಏನೂ ಇಲ್ಲ ಎಂದು ಮನಸ್ಸು ಹೇಳುತ್ತದೆ. ಇಲ್ಲಿ ಸೊನ್ನೆಯ ಅರ್ಥ, ಎ ಪೋರ್ಟಿನ ಅನಲಾಗ್ ಪಿನ್‌ಗಳೆಲ್ಲ ಅನಲಾಗ್ ಆಗಿಯೇ ಇವೆ ಎಂದು. ಅವುಗಳಿಗೆ ಬಟನ್ ಜೋಡಿಸಿ ಡಿಜಿಟಲ್ ಆಗಿ ಓದಿದರೆ ಎಷ್ಟು ಒತ್ತಿದರೂ 0 ಬರುತ್ತದೆ. ಅದೇ ಚಿಪ್ಪಿನ ಕಾನ್ಫಿಗರೇಷನ್ ವರ್ಡ್‌ನಲ್ಲಿ ಎಲ್‌ವಿಪಿ ಎಂಬ 7ನೇ ಬಿಟ್ ಇದೆ. ಅದು 1 ಇದ್ದರೆ ಬಿ ಪೋರ್ಟಿನ 3ನೇ ಪಿನ್ ಪ್ರೋಗ್ರಾಮಿಂಗಿಗೆ ಮೀಸಲು, ಸಾಮಾನ್ಯ ಕೆಲಸಕ್ಕೆ ಸಿಗುವುದಿಲ್ಲ. ಅಳಿಸಿದ ಚಿಪ್ಪಿನಲ್ಲಿ ಎಲ್ಲ ಬಿಟ್‌ಗಳೂ 1. ಆದ್ದರಿಂದ ಆ ಪಿನ್ ಬೇಕೆನ್ನುವವರು ಆ ಬಿಟ್ಟನ್ನು ತಾವೇ ಇಳಿಸಬೇಕು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. 1 ಬರೆದರೆ ಬಿಟ್ 1 ಆಗುತ್ತದೆ ಎಂಬುದು ಸಹಜ ನಂಬಿಕೆ. ಎಸ್‌ಟಿಎಂ32ಎಫ್103 ಚಿಪ್ಪಿನಲ್ಲಿ ಹೊರಗಿನ ಇಂಟರಪ್ಟ್ ಬಂದದ್ದನ್ನು ತೋರಿಸುವ ರಿಜಿಸ್ಟರ್ ಒಂದಿದೆ. ಅದರಲ್ಲಿ ಬಿಟ್ಟನ್ನು ಅಳಿಸಬೇಕಾದರೆ 1 ಬರೆಯಬೇಕು. ಅದೇ ಚಿಪ್ಪಿನ ಟೈಮರಿನ ಸ್ಟೇಟಸ್ ರಿಜಿಸ್ಟರಿನಲ್ಲಿ ಅಳಿಸಲು 0 ಬರೆಯಬೇಕು. ಒಂದೇ ಚಿಪ್, ಎರಡು ರೂಢಿ. ರಿಜಿಸ್ಟರಿನ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಆರ್‌ಸಿ_ಡಬ್ಲ್ಯು1, ಆರ್‌ಸಿ_ಡಬ್ಲ್ಯು0 ಎಂದಿರುವುದು ಇದನ್ನೇ. ಮೊದಲನೆಯ ರಿಜಿಸ್ಟರನ್ನು ಓದಿ, ಒಂದು ಬಿಟ್ ಸೇರಿಸಿ, ಮತ್ತೆ ಬರೆಯುವ ಮಾಮೂಲಿ ಕ್ರಮವನ್ನು ಅಲ್ಲಿ ಅನುಸರಿಸಿದರೆ, ಕಾಯುತ್ತ ನಿಂತ ಉಳಿದ ಇಂಟರಪ್ಟ್‌ಗಳ ಗುರುತೂ ಅಳಿಸಿಹೋಗುತ್ತದೆ. ಪ್ರೋಗ್ರಾಂ ದಿನವೆಲ್ಲ ಸರಿಯಾಗಿ ಓಡಿ, ಎರಡು ಬಟನ್ ಒಟ್ಟಿಗೆ ಒತ್ತಿದಾಗ ಮಾತ್ರ ತಪ್ಪುತ್ತದೆ. ಇಂಥ ದೋಷವನ್ನು ಹುಡುಕಲು ವಾರಗಳು ಬೇಕು.

ಮೂರನೆಯ ಪ್ರಶ್ನೆಗೂ ಅದೇ ಚಿಪ್ ಒಳ್ಳೆಯ ಉದಾಹರಣೆ. ಮಾರುಕಟ್ಟೆಯಲ್ಲಿ ಬ್ಲೂ ಪಿಲ್ ಎಂದು ಸಿಗುವ ನೀಲಿ ಬೋರ್ಡಿನಲ್ಲಿ ಸಿ ಪೋರ್ಟಿನ 13ನೇ ಪಿನ್‌ಗೆ ಒಂದು ಎಲ್‌ಇಡಿ ಇರುತ್ತದೆ. ಆ ಪಿನ್ನನ್ನು ಔಟ್‌ಪುಟ್ ಮಾಡುವ ರಿಜಿಸ್ಟರಿಗೆ ಎಷ್ಟು ಬರೆದರೂ ಮೊದಮೊದಲು ಏನೂ ಆಗುವುದಿಲ್ಲ, ಓದಿದರೆ ಸೊನ್ನೆಯೇ ಬರುತ್ತದೆ. ಕಾರಣ, ಕರೆಂಟು ಉಳಿಸಲೆಂದು ಆ ಪೋರ್ಟಿನ ಕ್ಲಾಕನ್ನೇ ನಿಲ್ಲಿಸಿರುತ್ತಾರೆ. ಇನ್ನೊಂದು ಅಧ್ಯಾಯದಲ್ಲಿರುವ ಆರ್‌ಸಿಸಿ ವಿಭಾಗದ ರಿಜಿಸ್ಟರಿನಲ್ಲಿ 4ನೇ ಬಿಟ್ ಏರಿಸಿದ ಮೇಲೆಯೇ ಸಿ ಪೋರ್ಟಿಗೆ ಜೀವ. ಮನೆಯ ಮೇನ್ ಸ್ವಿಚ್ ಹಾಕದೆ ಕೋಣೆಯ ಸ್ವಿಚ್ ಒತ್ತಿದ ಹಾಗೆ.

ಮೇನ್ ಹಾಕಿದ ಮೇಲೆಯೂ ಒಂದು ಬಲೆ ಉಂಟು. ಆ ಚಿಪ್ಪಿನಲ್ಲಿ ಪ್ರತಿ ಪಿನ್ನಿಗೆ ನಾಲ್ಕು ಬಿಟ್‌ಗಳು. ಮೊದಲ ಬೆಲೆ 0100, ಎಂದರೆ ತೇಲುವ ಇನ್‌ಪುಟ್. ಸಾಮಾನ್ಯ ಔಟ್‌ಪುಟ್ ಬೇಕಾದರೆ 0010 ಆಗಬೇಕು. ಹಳೆಯದನ್ನು ಅಳಿಸದೆ ಹೊಸ ಬಿಟ್ಟನ್ನು ಮಾತ್ರ ಸೇರಿಸಿದರೆ 0110 ಆಗುತ್ತದೆ. ಅದಕ್ಕೆ ಓಪನ್ ಡ್ರೇನ್ ಔಟ್‌ಪುಟ್ ಎಂಬ ಬೇರೆಯೇ ಅರ್ಥ. ಅದು ಪಿನ್ನನ್ನು ಕೆಳಕ್ಕೆ ಎಳೆಯಬಲ್ಲದು, ಮೇಲಕ್ಕೆ ಎತ್ತಲಾರದು. ತಮಾಷೆಯೆಂದರೆ ನೀಲಿ ಬೋರ್ಡಿನ ಎಲ್‌ಇಡಿ ಪಿನ್ ಕೆಳಕ್ಕೆ ಹೋದಾಗಲೇ ಉರಿಯುವಂಥದ್ದು. ಆದ್ದರಿಂದ ತಪ್ಪು ಪ್ರೋಗ್ರಾಮೂ ಸರಿಯಾಗಿ ಮಿನುಗುತ್ತದೆ. ಅದೇ ಪ್ರೋಗ್ರಾಮನ್ನು ಇನ್ನೊಂದು ಪಿನ್ನಿಗೆ ಹಾಕಿ, ಮೇಲಕ್ಕೆ ಹೋದಾಗ ಚಾಲೂ ಆಗುವ ರಿಲೇ ಜೋಡಿಸಿದರೆ ಕೈಕೊಡುತ್ತದೆ. ಕೆಲಸ ಮಾಡಿತು ಎಂಬುದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಡೇಟಾಶೀಟ್ ಓದದವರಿಗೆ ಈ ವ್ಯತ್ಯಾಸ ಕಾಣುವ ದಾರಿಯೇ ಇಲ್ಲ.

ನಾಲ್ಕನೆಯದು ಲೆಕ್ಕ. ಆರ್ಡುಯಿನೊ ಉನೊ ಬೋರ್ಡಿನ ಹೃದಯವಾದ ಎಟಿಮೆಗಾ328ಪಿ ಚಿಪ್ಪಿನಲ್ಲಿ ಸೀರಿಯಲ್ ಸಂವಹನದ ವೇಗಕ್ಕೆ ಒಂದು ಸೂತ್ರವಿದೆ. ಕ್ಲಾಕನ್ನು ವೇಗದ 16 ಪಟ್ಟಿನಿಂದ ಭಾಗಿಸಿ 1 ಕಳೆಯಬೇಕು. 16 ಮೆಗಾಹರ್ಟ್ಸ್ ಕ್ಲಾಕಿನಲ್ಲಿ 9600 ವೇಗಕ್ಕೆ 103 ಬರುತ್ತದೆ, ತಪ್ಪು ಶೇ. 0.2 ಮಾತ್ರ. 115200 ವೇಗಕ್ಕೆ 7.68 ಬರುತ್ತದೆ. ರಿಜಿಸ್ಟರಿಗೆ ಪೂರ್ಣಾಂಕವೇ ಬೇಕಾದ್ದರಿಂದ 8 ಬರೆಯಬೇಕು, ಆಗ ತಪ್ಪು ಸುಮಾರು ಶೇ. 3.5. ಇಬ್ಬರ ನಡುವಿನ ಮಾತು ಅಲ್ಲಲ್ಲಿ ತೊದಲಲು ಅಷ್ಟು ಸಾಕು. ಇಮ್ಮಡಿ ವೇಗದ ಬಿಟ್ ಹಾಕಿ 16 ಬರೆದರೆ ತಪ್ಪು ಶೇ. 2.1ಕ್ಕೆ ಇಳಿಯುತ್ತದೆ. ಡೇಟಾಶೀಟಿನಲ್ಲಿ ಇದಕ್ಕೆ ಸಿದ್ಧ ಕೋಷ್ಟಕವೇ ಇದೆ. ಇನ್ನೊಂದು ಸಂಗತಿ: ಬಿಡಿಯಾಗಿ ಕೊಂಡ ಹೊಸ 328ಪಿ ಚಿಪ್ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನು 8ರಿಂದ ಭಾಗಿಸುವ ಫ್ಯೂಸ್ ಆನ್ ಆಗಿಯೇ ಬರುತ್ತದೆ. ಎಂದರೆ ಅದು ಓಡುವುದು 1 ಮೆಗಾಹರ್ಟ್ಸ್‌ನಲ್ಲಿ. 16 ಮೆಗಾಹರ್ಟ್ಸ್‌ಗೆಂದು ಬರೆದ ಒಂದು ಸೆಕೆಂಡಿನ ಕಾಯುವಿಕೆ ಅಲ್ಲಿ ಹದಿನಾರು ಸೆಕೆಂಡ್ ಆಗುತ್ತದೆ. ಎವಿಆರ್ ಫ್ಯೂಸ್‌ಗಳಲ್ಲಿ 0 ಎಂದರೆ ಆನ್, 1 ಎಂದರೆ ಆಫ್ ಎಂಬುದೂ ಅದೇ ಪುಟದಲ್ಲಿದೆ. ಅದನ್ನು ಗಮನಿಸದವರು ತಿದ್ದಲು ಹೋಗಿ ಚಿಪ್ಪನ್ನೇ ಮೂಕವಾಗಿಸುತ್ತಾರೆ.

ಲೈಬ್ರರಿ ಇದೆಯಲ್ಲ ಎನ್ನುವವರಿಗೆ

ಇದಕ್ಕೆ ಬರುವ ಆಕ್ಷೇಪ ಹೊಸದಲ್ಲ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಹುಟ್ಟಿದ್ದೇ ಈ ಕಷ್ಟ ತಪ್ಪಿಸಲು. ಕಲಾವಿದರು, ವಿನ್ಯಾಸಕಾರರು ರಿಜಿಸ್ಟರುಗಳ ಗೊಡವೆಯಿಲ್ಲದೆ ಚಿಪ್ ಬಳಸಲಿ ಎಂಬುದು ಅದರ ಉದ್ದೇಶ, ಮತ್ತು ಅದು ಗೆದ್ದಿದೆ. ಚಿಪ್ ಕಂಪನಿಗಳೇ ಈಗ ಸಿದ್ಧ ಲೈಬ್ರರಿ ಕೊಡುತ್ತವೆ, ಪರದೆಯ ಮೇಲೆ ಪಿನ್ ಒತ್ತಿದರೆ ಕೋಡ್ ಬರೆದುಕೊಡುವ ಸಾಧನಗಳನ್ನೂ ಕೊಡುತ್ತವೆ. ಈಚೆಗೆ ಕೃತಕ ಬುದ್ಧಿಮತ್ತೆಯೂ ಕೇಳಿದ ಕೂಡಲೇ ಬರೆಯುತ್ತದೆ. ಹೀಗಿರುವಾಗ ಬಿಟ್ ಎಣಿಸುತ್ತ ಕೂರುವುದು ಕ್ಯಾಲ್ಕುಲೇಟರ್ ಇರುವಾಗ ಮಗ್ಗಿ ಬಾಯಿಪಾಠ ಮಾಡಿದಂತಲ್ಲವೇ?

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ದೊಡ್ಡ ಉತ್ಪನ್ನವೊಂದರಲ್ಲಿ ಪ್ರತಿ ಬಿಟ್ಟನ್ನೂ ಕೈಯಿಂದ ಬರೆಯಬೇಕೆಂದು ಹಟ ಹಿಡಿಯುವುದು ಜಾಣತನವಲ್ಲ. ಲೈಬ್ರರಿ ಬಳಸಲೇಬೇಕು. ಆದರೆ ಲೈಬ್ರರಿ ರಿಜಿಸ್ಟರುಗಳನ್ನು ಮರೆಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಉನೊ ಬೋರ್ಡಿನಲ್ಲಿ ಸರ್ವೊ ಮೋಟರಿನ ಲೈಬ್ರರಿ ಸೇರಿಸಿದ ಕೂಡಲೇ 9 ಮತ್ತು 10ನೇ ಪಿನ್‌ಗಳಲ್ಲಿ ಎಲ್‌ಇಡಿಯ ಬೆಳಕನ್ನು ಏರಿಳಿಸುವ ಸೌಲಭ್ಯ ನಿಂತುಹೋಗುತ್ತದೆ. ಎರಡಕ್ಕೂ ಬೇಕಾದದ್ದು ಒಂದೇ ಟೈಮರ್ 1. ಟೈಮರ್ ಅಧ್ಯಾಯ ನೋಡಿದವರಿಗೆ ಇದು ಐದು ನಿಮಿಷದ ಮಾತು. ನೋಡದವರಿಗೆ ಇದು ದೆವ್ವದ ಕಾಟ. ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಕೋಡ್ ಕೂಡ ಒಂದು ಕುಟುಂಬದ ಚಿಪ್ಪಿನ ರೂಢಿಯನ್ನು ಇನ್ನೊಂದಕ್ಕೆ ಹಾಕಬಹುದು. ರಿಜಿಸ್ಟರಿನ ಹೆಸರು ತಪ್ಪಿದರೆ ಕಂಪೈಲರ್ ಹಿಡಿಯುತ್ತದೆ. ಬೆಲೆ ತಪ್ಪಿದರೆ ಯಾರೂ ಹಿಡಿಯುವುದಿಲ್ಲ, ಡೇಟಾಶೀಟ್ ತೆರೆದಿಟ್ಟುಕೊಂಡು ಕೂತ ಮನುಷ್ಯನ ಹೊರತು.

ಡೇಟಾಶೀಟ್ ಬರೆಯುವವರನ್ನೂ ದೂರಬೇಕಾದ ಕಡೆ ದೂರಬೇಕು. ಎಸ್‌ಟಿಎಂ32 ಚಿಪ್ಪಿನ ಡೇಟಾಶೀಟ್ ತೆರೆದವರಿಗೆ ರಿಜಿಸ್ಟರುಗಳೇ ಕಾಣುವುದಿಲ್ಲ. ಅವು ಇರುವುದು ರೆಫರೆನ್ಸ್ ಮ್ಯಾನ್ಯುಯಲ್ ಎಂಬ ಸಾವಿರ ಪುಟ ಮೀರಿದ ಬೇರೆ ದಾಖಲೆಯಲ್ಲಿ. ಚಿಪ್ಪಿನಲ್ಲೇ ಇರುವ ದೋಷಗಳ ಪಟ್ಟಿ ಎರ್ರಾಟಾ ಎಂಬ ಮೂರನೆಯ ದಾಖಲೆಯಲ್ಲಿ. ಎಫ್103ರ ಐ2ಸಿ ವಿಭಾಗದ ತೊಡಕುಗಳು ಅಲ್ಲಿಯೇ ದಾಖಲಾಗಿವೆ. ಮೂರನ್ನೂ ಸೇರಿಸಿ ಓದಬೇಕು ಎಂದು ಯಾರೂ ಮೊದಲ ದಿನ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಾದ್ದು ಪಾಠದ ಕೋಣೆಯಲ್ಲಿ.

ಯಾರಿಗೆ ನಷ್ಟ

ಇದೆಲ್ಲ ಹವ್ಯಾಸಿಗಳ ಗೋಳು ಎಂದು ಬಿಡುವಂತಿಲ್ಲ. ಪೀಣ್ಯ, ಪುಣೆಯ ಭೋಸರಿ, ಚೆನ್ನೈಯ ಅಂಬತ್ತೂರು, ಹೈದರಾಬಾದಿನ ಚೆರ್ಲಪಲ್ಲಿಯಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಇದು ಅನ್ನದ ಪ್ರಶ್ನೆ. 2020ರಿಂದ 2022ರವರೆಗೆ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆಯಾದಾಗ, ರೂಢಿಯ ಚಿಪ್ ಸಿಗದೆ, ಸಿಕ್ಕರೂ ಬೆಲೆ ಹಲವು ಪಟ್ಟು ಏರಿ, ಬೇರೆ ಚಿಪ್ಪಿಗೆ ಹೊರಳುವ ಒತ್ತಡ ಎಲ್ಲರ ಮೇಲೂ ಬಿತ್ತು. ಒಂದು ಕಂಪನಿಯ ಲೈಬ್ರರಿಯನ್ನು ಮಾತ್ರ ಬಲ್ಲವನಿಗೆ ಹೊಸ ಚಿಪ್ ಎಂದರೆ ಮೊದಲಿನಿಂದ ಶುರು. ರಿಜಿಸ್ಟರ್ ಪುಟ ಓದಬಲ್ಲವನಿಗೆ ಅದು ಹೆಸರು ಬದಲಾದ ಅದೇ ಸ್ವಿಚ್‌ಗಳು. ಟೈಮರ್ ಟೈಮರೇ, ಅದನ್ನು ಯಾವ ಕಂಪನಿ ಮಾಡಿದರೂ.

ಇನ್ನೂ ಗಂಭೀರವಾದದ್ದು ಸುರಕ್ಷತೆ. ಕೃಷಿ ಪಂಪ್‌ಸೆಟ್ಟಿನ ಕಂಟ್ರೋಲರ್ ಒಂದನ್ನು ಎಟಿಮೆಗಾ328ಪಿ ಬಳಸಿ ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ. ಹಳ್ಳಿಯ ಕರೆಂಟಿನಲ್ಲಿ ಮೋಟರ್ ಚಾಲೂ ಆದ ಕೂಡಲೇ ವೋಲ್ಟೇಜ್ ಬೀಳುತ್ತದೆ. ಚಿಪ್ಪಿನ ಊಟವೂ ಕಡಿಮೆಯಾದರೆ ಅದು ಅರೆಪ್ರಜ್ಞೆಯಲ್ಲಿ ತಪ್ಪು ಆಜ್ಞೆಗಳನ್ನು ಪಾಲಿಸಬಹುದು, ಈಪ್ರಾಮ್‌ನಲ್ಲಿ ಬರೆದಿಟ್ಟ ಸೆಟ್ಟಿಂಗುಗಳು ಕೆಡಬಹುದು. ಇದನ್ನು ತಡೆಯಲೆಂದೇ ಬ್ರೌನ್ ಔಟ್ ಡಿಟೆಕ್ಟರ್ ಇದೆ. ವೋಲ್ಟೇಜ್ ಗೊತ್ತಾದ ಮಟ್ಟಕ್ಕಿಂತ ಇಳಿದರೆ ಚಿಪ್ಪನ್ನು ಅದು ರಿಸೆಟ್‌ನಲ್ಲೇ ಹಿಡಿದಿಡುತ್ತದೆ. ಆದರೆ ಕಾರ್ಖಾನೆಯಿಂದ ಬರುವಾಗ ಅದು ಆಫ್. ಆನ್ ಮಾಡಬೇಕಾದವನು ಎಂಜಿನಿಯರ್. ಅವನು ಆ ಫ್ಯೂಸಿನ ಪುಟ ತೆರೆಯದಿದ್ದರೆ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿಯ ಪವರ್ ಸಪ್ಲೈ ಶುದ್ಧ. ಗೊತ್ತಾಗುವುದು ಗದ್ದೆಯಲ್ಲಿ, ರೈತನ ಖರ್ಚಿನಲ್ಲಿ.

ಸರ್ಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚೆನ್ನೈಯ ಐಐಟಿ ಮದ್ರಾಸ್ ಶಕ್ತಿ ಎಂಬ ಪ್ರೊಸೆಸರನ್ನು, ಸಿ-ಡ್ಯಾಕ್ ವೇಗ ಎಂಬುದನ್ನು ರಿಸ್ಕ್-ಫೈವ್ ಆಧಾರದ ಮೇಲೆ ರೂಪಿಸಿವೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಹೊಸ ದೇಶೀ ಚಿಪ್ಪಿಗೆ ಹಳೆಯ ಚಿಪ್‌ಗಳಂತೆ ಇಪ್ಪತ್ತು ವರ್ಷದ ಸಿದ್ಧ ಉದಾಹರಣೆಗಳ ರಾಶಿ ಇರುವುದಿಲ್ಲ, ನಕಲು ಮಾಡಲು ಹೆಚ್ಚೇನೂ ಸಿಗುವುದಿಲ್ಲ. ಅದನ್ನು ಬಳಸಬೇಕಾದರೆ ದಾಖಲೆ ಓದಿಯೇ ಬಳಸಬೇಕು. ದಾಖಲೆ ಓದದ ಎಂಜಿನಿಯರುಗಳಿರುವ ದೇಶದಲ್ಲಿ ದೇಶೀ ಚಿಪ್‌ಗೆ ಗಿರಾಕಿ ಹುಟ್ಟುವುದು ಕಷ್ಟ.

ಏನು ಮಾಡಬಹುದು

ಮೊದಲನೆಯದು ಪರೀಕ್ಷೆ. 1980ರಲ್ಲಿ ಬಂದ ಇಂಟೆಲ್ 8051ರ ಟಿಮಾಡ್ ರಿಜಿಸ್ಟರಿನ ಚಿತ್ರವನ್ನು ನೆನಪಿನಿಂದ ಬರೆಯಿರಿ ಎಂಬ ಪ್ರಶ್ನೆಯನ್ನು ತಲೆಮಾರುಗಳ ವಿದ್ಯಾರ್ಥಿಗಳು ಉತ್ತರಿಸಿದ್ದಾರೆ. ಅದು ಪಹಣಿಯ ಕಾಲಂಗಳನ್ನು ಬಾಯಿಪಾಠ ಮಾಡಿಸಿದ ಹಾಗೆ. ಅದರ ಬದಲು ತರಗತಿಯಲ್ಲಿ ನೋಡಿರದ ಚಿಪ್ಪೊಂದರ ಡೇಟಾಶೀಟಿನ ಹತ್ತು ಪುಟ ಕೈಗೆ ಕೊಟ್ಟು, ಈ ಟೈಮರಿನಿಂದ 1 ಕಿಲೋಹರ್ಟ್ಸ್ ತರಂಗ ಬರಬೇಕು, ಯಾವ ರಿಜಿಸ್ಟರಿಗೆ ಏನು ಬರೆಯುತ್ತೀರಿ, ಯಾವ ಸಾಲನ್ನು ನೋಡಿ ಹಾಗೆ ಹೇಳುತ್ತೀರಿ ಎಂದು ಕೇಳಬೇಕು. ಪುಸ್ತಕ ತೆರೆದ ಪರೀಕ್ಷೆ. ನಕಲು ಮಾಡಲು ಅಲ್ಲಿ ಏನೂ ಇರುವುದಿಲ್ಲ.

ಎರಡನೆಯದು ಭಾಷೆ. ಡೇಟಾಶೀಟ್ ಇಂಗ್ಲಿಷಿನಲ್ಲಿದೆ, ಮುಂದೆಯೂ ಅಲ್ಲೇ ಇರುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಡಿಪ್ಲೊಮಾ ಹುಡುಗಿಗೆ ಅದೊಂದು ಗೋಡೆ ಹೌದು. ಆದರೆ ಇಂಗ್ಲಿಷ್ ಮಾಧ್ಯಮದವರೂ ಅದೇ ಗೋಡೆಗೆ ತಲೆ ಹೊಡೆದುಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿಯ ಇಂಗ್ಲಿಷ್ ಕಥೆಯ ಇಂಗ್ಲಿಷ್ ಅಲ್ಲ. ರಿಜಿಸ್ಟರುಗಳ ಹೆಸರನ್ನು ಕನ್ನಡಕ್ಕೆ ತರುವ ಹಟ ಬೇಡ, ಪಿನ್ ಪಿನ್ನೇ ಆಗಿರಲಿ. ಬೇಕಾದದ್ದು ಓದುವ ಕ್ರಮದ ಕನ್ನಡ. ರಿಸೆಟ್ ವ್ಯಾಲ್ಯೂ ಎಂದರೆ ಎದ್ದ ಗಳಿಗೆಯ ಬೆಲೆ. ರಿಸರ್ವ್ಡ್ ಎಂದರೆ ಖಾಲಿ ಜಾಗವಲ್ಲ, ಬೇರೆಯವರ ಜಾಗ, ಹೇಳಿದ್ದಕ್ಕಿಂತ ಬೇರೆ ಬೆಲೆ ಬರೆಯಬೇಡಿ. ಹೀಗೆ ಬಿಡಿಸಿ ಹೇಳಿದರೆ ಎಂಟನೇ ತರಗತಿಯವರಿಗೂ ಅರ್ಥವಾಗುತ್ತದೆ.

ಈ ಕೆಲಸ ಮಾಡಬಲ್ಲವರು ಕರ್ನಾಟಕದ ಹೊರಗೂ ಬಹಳ ಇದ್ದಾರೆ. ಪುಣೆಯ ವಾಹನ ಬಿಡಿಭಾಗದ ಕಂಪನಿಗಳಲ್ಲಿ, ಹೈದರಾಬಾದಿನ ಚಿಪ್ ವಿನ್ಯಾಸ ಕಚೇರಿಗಳಲ್ಲಿ, ಚೆನ್ನೈಯ ಕಾರ್ಖಾನೆಗಳಲ್ಲಿ ದಿನವೂ ಈ ಪುಟಗಳನ್ನು ಓದುವ ಕನ್ನಡಿಗರು. ರಜೆಗೆ ಊರಿಗೆ ಹೋದಾಗ ಅಕ್ಕನ ಮಗಳ ಪ್ರಾಜೆಕ್ಟಿನ ತೊಂದರೆಯನ್ನು ಹತ್ತು ನಿಮಿಷದಲ್ಲಿ ಬಿಡಿಸಿಕೊಡುವವರು ಇವರೇ. ಅವಳಿಗೆ ಕೋಡ್ ಬರೆದುಕೊಡುವ ಬದಲು ಡೇಟಾಶೀಟ್ ತೆರೆಸಿ, ಆ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ, ಉತ್ತರದ ಸಾಲನ್ನು ಅವಳ ಬೆರಳಿನಿಂದಲೇ ತೋರಿಸುವಂತೆ ಮಾಡಿದರೆ ಮುಂದಿನ ಚಿಪ್ಪಿಗೆ ಮಾವನಿಗೆ ಫೋನ್ ಮಾಡಬೇಕಾಗುವುದಿಲ್ಲ. ಒಂದು ಚಿಪ್, ಒಂದು ರಿಜಿಸ್ಟರ್, ಒಂದು ಪುಟದ ಕನ್ನಡ ಟಿಪ್ಪಣಿ: ತಿಂಗಳಿಗೊಂದು ಬರೆದು ತಮ್ಮ ಹಳೆಯ ಕಾಲೇಜಿಗೆ ಕಳಿಸಿದರೂ ಆದೀತು. ಸಿ ಪೋರ್ಟಿನ ಆ ನಾಲ್ಕು ಪಿನ್‌ಗಳಿಂದಲೇ ಶುರುಮಾಡಬಹುದು.